ಮೂರು ಬಣ್ಣದ ದಡಿಗೆ ಸೊನ್ನೆ

ಬುಧವಾರ ಬಂತೆಂದರೆ ನನಗೆ ಬೆಳಗಿನ ಚಹಾ ಸರಿಯಾಗಿ ಇಳಿಯುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತಳಾದವಳು, ಜಮಖಂಡಿಯ ಮನೆಯಲ್ಲಿ ಹಾಯಾಗಿ ಇರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಈ ಬುಧವಾರವನ್ನು ನಾನೇ ಮೈಮೇಲೆ ಬಿಟ್ಟುಕೊಂಡೆ.

ಶುರುವಾದದ್ದು ಮುಧೋಳದಿಂದ. ಅಲ್ಲಿ ನನ್ನ ಗೆಳತಿಯ ಮಗಳು ತನ್ನ ಇಬ್ಬರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಾಳೆ. ಒಂದು ದಿನ ಬಂದು, "ಮೌಶಿ, ಗಣಿತ, ವಿಜ್ಞಾನ ನಾ ನೋಡ್ಕೋತೀನಿ. ಇತಿಹಾಸದ ವಹಿ ಅಷ್ಟ ನೀವು ತಿದ್ದಿಕೊಡ್ರಿ" ಅಂದಳು. ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಅನ್ನುತ್ತೇವೆ. ಕೆಂಪು ಪೆನ್ನು ಕೈಬಿಟ್ಟು ಎರಡು ವರ್ಷವಾಗಿತ್ತು, ಬೆರಳು ತುರಿಸುತ್ತಿದ್ದವು, ಹೂಂ ಅಂದೆ. ಎರಡು ವಹಿ ನಾಲ್ಕಾದವು, ನಾಲ್ಕು ಏಳಾದವು. ತೇರದಾಳದ ವ್ಯಾಪಾರಸ್ಥರ ಮನೆಯ ಹುಡುಗ ಬಂದ, ಕೃಷ್ಣೆಯ ದಂಡೆಯ ಗಲಗಲಿಯಿಂದ ಒಕ್ಕಲುತನದ ಮನೆಯ ಹುಡುಗಿ ಬಂದಳು. ಬಂದರು ಅಂದರೆ ಅವರ ವಹಿ ಬಂದವು. ಬಟ್ಟೆಯ ಚೀಲದಲ್ಲಿ ಹಾಕಿ, ಬುಧವಾರದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟುಬಿಡುತ್ತಾರೆ. ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಶನಿವಾರ ಅದೇ ಚೀಲ ತಿದ್ದಿದ ವಹಿ ಹೊತ್ತು ವಾಪಸು ಹೋಗುತ್ತದೆ.

ಅರವತ್ತು ಮಕ್ಕಳ ತರಗತಿಯಲ್ಲಿ ಇಲ್ಲದ ಅಂಜಿಕೆ ಈ ಏಳು ವಹಿಗಳಲ್ಲಿ ಹುಟ್ಟಿತು. ಶಾಲೆಯಲ್ಲಿ ನಾನು ಒಂದು ಅಂಕ ಕಡಿಮೆ ಕೊಟ್ಟರೆ ಹುಡುಗರು ಪಕ್ಕದವನ ವಹಿ ಇಣುಕಿ ನೋಡುತ್ತಿದ್ದರು, ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಜಗಳ ತೆಗೆಯುತ್ತಿದ್ದರು, ಬೇರೆ ಮಾಸ್ತರರ ಹತ್ತಿರ ನನ್ನನ್ನು ಬೈದು ಹಗುರಾಗುತ್ತಿದ್ದರು. ಮನೆಯಲ್ಲಿ ಓದುವ ಮಕ್ಕಳಿಗೆ ಪಕ್ಕದವನೇ ಇಲ್ಲ. ಅಪ್ಪ ಅವ್ವನನ್ನು ಬಿಟ್ಟು ಹೊರಗಿನಿಂದ ಬರುವ ಮಾತೆಂದರೆ ನನ್ನ ಕೆಂಪು ಶಾಯಿ ಒಂದೇ. ಅದು ತಪ್ಪಿದರೆ ತಿದ್ದುವವರು ಯಾರು? ಶನಿವಾರ ಚೀಲ ಕಳಿಸಿ ಮನೆಗೆ ಬಂದಮೇಲೆ, ಯಾರಿಗೋ ಏನೋ ಅನ್ಯಾಯ ಮಾಡಿದೆನೇ ಎಂದು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ನನ್ನ ಯಜಮಾನರು ನಗುತ್ತಿದ್ದರು. "ನಿನ್ನ ಪೆನ್ನಿಗೆ ಬಾಯಿ ಇದ್ದಿದ್ರ ಅದೂ ನಿನ್ನ ಹಂಗ ಬೈದು, ಆಮ್ಯಾಲ ಅಳ್ತಿತ್ತು ನೋಡು" ಎನ್ನುತ್ತಿದ್ದರು. ಸುಳ್ಳಲ್ಲ. ಸಿಟ್ಟು ನನಗೆ ಮೊದಲು ಬರುತ್ತದೆ, ಬುದ್ಧಿ ಆಮೇಲೆ ಬರುತ್ತದೆ.

ಏಳರಲ್ಲಿ ಕೊನೆಯದಾಗಿ ಸೇರಿದವಳು ಬನಹಟ್ಟಿಯ ಹುಡುಗಿ. ಹದಿನೈದು ವರ್ಷ, ನೇಕಾರರ ಮನೆತನ. ಮೊದಲ ಸಲ ಅವಳ ತಂದೆಯೇ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು.

"ಅಕ್ಕೋರ, ಇಕಿಗಿ ಜ್ವರ ಬಂದು ಒಂದು ವರ್ಸ ಸಾಲಿ ತಪ್ಪಿತ್ರಿ. ಈಗ ಹೋದ್ರ ತಮ್ಮನ ಕ್ಲಾಸಿನ್ಯಾಗ ಕುಂಡ್ರಬೇಕು. ಒಲ್ಲೆ ಅಂತಾಳ್ರಿ. ನಮ್ಮ ಅಣ್ಣಾರು ಮನಿಗಿ ಹಿರ್ಯಾರು, ಅವ್ರು ಒಂದು ಮಾತ ಹೇಳ್ಯಾರ. ಯುಗಾದಿತನಾ ಮನ್ಯಾಗ ಓದಲಿ. ಅಕ್ಕೋರು ಛಲೋ ಐತಿ ಅಂದ್ರ ಮುಂದನೂ ಮನ್ಯಾಗ ಓದಿ ಖಾಸಗಿ ಪರೀಕ್ಷಾ ಕಟ್ಟಲಿ. ಇಲ್ಲಂದ್ರ ಜೂನ್‌ನ್ಯಾಗ ಸುಮ್ನ ತಮ್ಮನ ಜೋಡಿ ಸಾಲಿಗಿ ಹೋಗಲಿ."

ಹುಡುಗಿ ತಂದೆಯ ಹಿಂದೆ ನಿಂತು ನನ್ನ ಕಪಾಟಿನ ಪುಸ್ತಕಗಳನ್ನೇ ನೋಡುತ್ತಿದ್ದಳು. ನಿನಗೆ ಯಾವುದು ಸೇರುತ್ತದೆ ಎಂದು ಕೇಳಿದೆ. "ಹಿಂದಿಂದು ಬರಿಯೂದ್ರಿ" ಅಂದಳು. ಅಷ್ಟೇ ಮಾತು. ಒಂದು ಮನೆಯ ತೀರ್ಮಾನ ನನ್ನ ಪೆನ್ನಿನ ತುದಿಗೆ ಬಂದು ಕೂತಿತು ಎಂದು ಅವರು ಹೋದಮೇಲೆ ಹೊಳೆಯಿತು. ಆದರೂ ಅವಳ ಮೊದಲ ನಾಲ್ಕಾರು ವಹಿ ಚೆನ್ನಾಗಿದ್ದವು. ನಾನು ಧಾರಾಳವಾಗಿಯೇ ಅಂಕ ಹಾಕಿದೆ.

ಈ ವರ್ಷ ಶಿವರಾತ್ರಿಯ ಮುಂಚೆ ಏಳೂ ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟೆ: ನಿಮ್ಮ ಮನೆಯ ಒಂದು ವಸ್ತುವಿನ ಇತಿಹಾಸ ಬರೆಯಿರಿ. ಪಾಠದ ಪುಸ್ತಕದಿಂದ ನಕಲು ಮಾಡಲು ಆಗಬಾರದು ಎಂದೇ ಈ ಉಪಾಯ ಹೂಡಿದ್ದೆ. ಗಲಗಲಿಯ ಹುಡುಗಿ, ಅಣೆಕಟ್ಟಿನ ಹಿನ್ನೀರು ಬಂದಾಗ ಹಳೆಯ ಮನೆಯಿಂದ ಹೊತ್ತು ತಂದ ಕಬ್ಬಿಣದ ಟ್ರಂಕಿನ ಬಗ್ಗೆ ಬರೆದಳು. ತೇರದಾಳದ ಹುಡುಗ ಗೋಡೆಯ ಗಡಿಯಾರದ ಬಗ್ಗೆ ಬರೆದ. ಅವರದು ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಮನೆ. ಆ ಗಡಿಯಾರ ನಿಂತ ಒಂದು ದಿನ ಮನೆಮಂದಿಯೆಲ್ಲ ಉಪವಾಸ ಮಲಗಿದ್ದನ್ನು ಬರೆದು ನನ್ನನ್ನು ನಗಿಸಿದ. ಮುಧೋಳದ ಇಬ್ಬರಲ್ಲಿ ದೊಡ್ಡವನು ಮಾತ್ರ ಕೆಡಿಸಿದ. ಅಜ್ಜನ ಕತ್ತಿಯ ಬಗ್ಗೆ ನಾಲ್ಕು ಪುಟ, ಎಲ್ಲಿಯೂ ಹೊಡೆದುಹಾಕಿದ ಗುರುತಿಲ್ಲ, ಒಂದೊಂದು ವಾಕ್ಯವೂ ಭಾಷಣದಂತೆ. ಅವರ ಮನೆಯಲ್ಲಿ ಕತ್ತಿಯೇ ಇಲ್ಲವೆಂಬುದು ನನಗೆ ಗೊತ್ತಿತ್ತು. ತಾಯಿಗೆ ಫೋನ್ ಮಾಡಿ ವಿಚಾರಿಸಿದರೆ, ಮೊಬೈಲಿಗೆ ಕೇಳಿ ಬರೆಸಿಕೊಂಡಿದ್ದ. ಈಗಿನ ಮೊಬೈಲು ಕೇಳಿದ್ದನ್ನೆಲ್ಲ ಬರೆದುಕೊಡುತ್ತದಂತೆ, ಇಸವಿಗಳನ್ನು ಕೂಡ ತಾನೇ ಹುಟ್ಟಿಸಿ ಹಾಕುತ್ತದಂತೆ. ನನಗೆ ಮೈ ಉರಿದುಹೋಯಿತು. ಮುಂದಿನ ವಹಿಗಳನ್ನು ಭೂತಗನ್ನಡಿ ಹಿಡಿದು ಓದುವೆ ಎಂದು ಅವತ್ತೇ ಶಪಥ ಮಾಡಿದೆ.

ಮರುವಾರ ಬನಹಟ್ಟಿಯ ಚೀಲ ಬಂತು.

ಅವಳು ಆರಿಸಿಕೊಂಡ ವಸ್ತು, ಅವಳ ಮುತ್ತಜ್ಜ ಇಟ್ಟ ನಮೂನೆಯ ವಹಿ. ನೇಯ್ದ ಪ್ರತಿಯೊಂದು ಹೊಸ ದಡಿಯಿಂದ, ಅಂದರೆ ಸೀರೆಯ ಅಂಚಿನಿಂದ, ಒಂದೊಂದು ತುಂಡು ಕತ್ತರಿಸಿ ಅದರಲ್ಲಿ ಅಂಟಿಸಿ, ಕೆಳಗೆ ಇಸವಿ ಹಾಕಿಡುತ್ತಿದ್ದರಂತೆ. ಕೆಟ್ಟುಹೋದ ತುಂಡುಗಳನ್ನೂ ಬಿಸಾಡದೆ ಅಂಟಿಸುತ್ತಿದ್ದರಂತೆ. ಅವುಗಳ ಕೆಳಗೆ 'ತಪ್ಪು: ಹಾಸು ಸಡಿಲ', 'ತಪ್ಪು: ಬಣ್ಣ ಬಿಟ್ಟಿತು' ಎಂದು ಬರೆಯುತ್ತಿದ್ದರಂತೆ, ಮುಂದೆ ನೇಯುವವರಿಗೆ ತಿಳಿಯಲಿ ಎಂದು. ಇಲ್ಲಿಯವರೆಗೆ ನಾನು ಖುಷಿಯಿಂದಲೇ ಓದಿದೆ. ಮುಂದೆ ಹೀಗಿತ್ತು: "೧೮೬೧ರಲ್ಲಿ ಮುತ್ತಜ್ಜ ಈ ವಹಿ ಶುರು ಮಾಡಿದರು. ೧೮೬೯ರಲ್ಲಿ ಕೇಸರಿ, ಬಿಳಿ, ಹಸಿರು ಮೂರು ಬಣ್ಣದ ದಡಿ ನೇಯ್ದರು. ಆ ದಿನ ಓಣಿಯಲ್ಲಿ ಸಕ್ಕರೆ ಹಂಚಿದರು ಎಂದು ಬರೆದಿದ್ದಾರೆ. ೧೮೭೮ರಲ್ಲಿ ರೇಡಿಯೊ ಕೇಳುತ್ತ ಮಾವಿನಕಾಯಿ ದಡಿ ನೇಯ್ದರು."

ನನ್ನ ಕಣ್ಣು ರೇಡಿಯೊದ ಮೇಲೆ ನಿಂತಿತು. ೧೮೭೮ರಲ್ಲಿ ರೇಡಿಯೊ! ಆಮೇಲೆ ಹಿಂದಕ್ಕೆ ಹೋಗಿ ಮೂರು ಬಣ್ಣ ನೋಡಿದೆ. ೧೮೬೯ರಲ್ಲಿ! ಹದಿನೈದು ವರ್ಷದ ಹುಡುಗಿಯ ಮುತ್ತಜ್ಜ ೧೮೬೧ರಲ್ಲಿ ಮಗ್ಗದ ಮೇಲೆ ಕೂತಿದ್ದನಂತೆ! ಮುಧೋಳದ ಉರಿ ಇನ್ನೂ ಆರಿರಲಿಲ್ಲ. ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದೆ: "ಕಟ್ಟುಕಥೆ. ೧೮೬೯ರಲ್ಲಿ ಮೂರು ಬಣ್ಣವಿಲ್ಲ, ೧೮೭೮ರಲ್ಲಿ ರೇಡಿಯೊ ಇಲ್ಲ. ಮೊಬೈಲ್ ಬರೆದುಕೊಟ್ಟಿತೇ?" ಕೆಳಗೆ ಇಪ್ಪತ್ತಕ್ಕೆ ಸೊನ್ನೆ. ಸೊನ್ನೆಯನ್ನು ಎರಡು ಸಲ ತಿದ್ದಿ ಗುಂಡಗೆ ಮಾಡಿದ್ದು ಕೂಡ ನೆನಪಿದೆ. ಶನಿವಾರ ಚೀಲ ಬಸ್ಸು ಹತ್ತಿತು. ನಾನು ಮನೆಗೆ ಬಂದು ನಿಶ್ಚಿಂತೆಯಿಂದ ಉಂಡೆ.

ಮುಂದಿನ ಬುಧವಾರ ಬನಹಟ್ಟಿಯ ಚೀಲ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ.

"ಬನಹಟ್ಟಿ ಚೀಲ ಇವತ್ತೂ ಇಲ್ರಿ ಅಕ್ಕೋರ" ಎಂದು ಕಂಡಕ್ಟರು ಉಳಿದ ಚೀಲಗಳನ್ನು ಕೊಟ್ಟರು. "ನೇಕಾರ ಮಂದಿ, ಮದುವಿ ಸೀಜನ್ ಬಂತು, ಕೆಲಸ ಭಾಳ ಇರತಾವ್ರಿ" ಎಂದು ತಾವೇ ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ. ಚೀಲಗಳನ್ನು ಹಿಡಿದು ಮನೆಗೆ ನಡೆಯುವಾಗ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹಾಸು ಸಡಿಲ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ನೂಲು. ಮೊಬೈಲಿಗೆ ಹಾಸು ಸಡಿಲಾಗುವುದು ಗೊತ್ತಿರುತ್ತದೆಯೇ? ಕೆಟ್ಟ ತುಂಡನ್ನೂ ಅಂಟಿಸಿಡುವ ಮುದುಕನನ್ನು ಅದು ಹುಟ್ಟಿಸಬಲ್ಲದೇ? ಇಲ್ಲ ಅನ್ನಿಸಿತು. ಹಾಗಾದರೆ ರೇಡಿಯೊ ಎಲ್ಲಿಂದ ಬಂತು? ಅದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಸಿಗದ್ದಕ್ಕೆ ಮತ್ತೆ ಸಿಟ್ಟು ಬಂತು.

"ಒಂದು ಫೋನ್ ಹಚ್ಚಬಾರದೇನ?" ಅಂದರು ಯಜಮಾನರು.

"ತಪ್ಪು ಬರದಾಕಿ ಅಕಿ. ನಾ ಯಾಕ ಹಚ್ಚಲಿ?" ಅಂದೆ.

ಅದು ಸೊಕ್ಕಿನ ಮಾತು. ಒಳಗೆ ಇದ್ದದ್ದು ಹೆದರಿಕೆ. ಫೋನ್ ಮಾಡಿದರೆ ಅವಳ ದೊಡ್ಡಪ್ಪ ಎತ್ತಿಕೊಂಡು, ಅಕ್ಕೋರ, ನೀವಾ ಹೇಳಿದ್ರೆಲ್ಲ, ಅದಕ್ಕ ಸಾಲಿಗಿ ಹಾಕಾಕತ್ತೇವಿ ಅಂದರೆ? ತಮ್ಮನ ಗೆಳೆಯರ ನಡುವೆ, ಒಂದು ತಲೆ ಎತ್ತರವಾಗಿ, ಕೊನೆಯ ಬೆಂಚಿನಲ್ಲಿ ಕೂತ ಹುಡುಗಿ ಕಣ್ಣಮುಂದೆ ಬರುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದ ಮಾತಂತೂ ಹೋಗುವುದೂ ಇಲ್ಲ, ಅಲ್ಲಿಯೇ ಕೂತಿರುತ್ತದೆ. ಮೂರನೆಯ ಬುಧವಾರ ಸ್ಟ್ಯಾಂಡಿಗೆ ಒಂದು ತಾಸು ಮೊದಲೇ ಹೋಗಿ ನಿಂತೆ. ಚೀಲ ಬರಲಿಲ್ಲ. ಭಾನುವಾರ ಯುಗಾದಿ.

ಹಬ್ಬದ ಬೆಳಿಗ್ಗೆ ಯಜಮಾನರು ದೇವರ ಮುಂದೆ ಹೊಸ ಪಂಚಾಂಗ ಇಟ್ಟು ಪೂಜೆ ಮಾಡಿದರು. ನಾನು ಬೇವು ಬೆಲ್ಲ ಕಲಸಿದ ಪಾನಕವನ್ನು ಬಟ್ಟಲಿಗೆ ಹಾಕುತ್ತಿದ್ದೆ. ಅವರು ಪ್ರತಿ ವರ್ಷದಂತೆ ಮೊದಲ ಪುಟ ಗಟ್ಟಿಯಾಗಿ ಓದಿದರು.

"ಶ್ರೀ ಶಾಲಿವಾಹನ ಶಕೆ ಸಾವಿರದ ಒಂಬೈನೂರಾ ನಲವತ್ತೇಳು, ವಿಶ್ವಾವಸು ನಾಮ ಸಂವತ್ಸರ..."

"ಏನಂದ್ರಿ? ಇನ್ನೊಮ್ಮಿ ಓದ್ರಿ."

ಇನ್ನೊಮ್ಮೆ ಓದಿದರು. ೧೯೪೭ ಎಂಬ ಅಂಕಿ ಕಿವಿಗೆ ಬಿದ್ದರೆ ಇತಿಹಾಸ ಕಲಿಸಿದವಳಿಗೆ ಸ್ವಾತಂತ್ರ್ಯ ಬಿಟ್ಟು ಬೇರೆ ಹೊಳೆಯುವುದಿಲ್ಲ. ಆದರೆ ಇದು ಪಂಚಾಂಗದ ಶಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಇದು ೨೦೨೫. ನಡುವೆ ಎಪ್ಪತ್ತೆಂಟು ವರ್ಷ. ಹಾಗಾದರೆ ಸ್ವಾತಂತ್ರ್ಯ ಬಂದ ವರ್ಷ ಪಂಚಾಂಗದಲ್ಲಿ ಯಾವ ಶಕೆ ಇತ್ತು? ಬಟ್ಟಲು ಕೆಳಗಿಟ್ಟು ಬೆರಳು ಎಣಿಸಿದೆ. ೧೮೬೯.

ಮೂರು ಬಣ್ಣದ ದಡಿ. ಓಣಿಯಲ್ಲಿ ಹಂಚಿದ ಸಕ್ಕರೆ.

ಆ ಮುದುಕ ಪಂಚಾಂಗ ನೋಡಿ ಇಸವಿ ಹಾಕಿದ್ದ. ಹುಡುಗಿ ಅದನ್ನು ಕ್ಯಾಲೆಂಡರಿನ ಇಸವಿ ಎಂದುಕೊಂಡು ಇದ್ದದ್ದನ್ನು ಇದ್ದಂತೆ ಇಳಿಸಿದ್ದಳು. ಮತ್ತು ನಾನು? ಎಂಟನೇ ತರಗತಿಯ ಮಕ್ಕಳನ್ನು ವರ್ಷ ವರ್ಷವೂ ಎಬ್ಬಿಸಿ ನಿಲ್ಲಿಸಿ "ಶಕೆಗೆ ಎಷ್ಟು ಕೂಡಿಸಬೇಕು?" ಎಂದು ಕೇಳುತ್ತಿದ್ದವಳು ನಾನು. ಎಪ್ಪತ್ತೆಂಟು ಎನ್ನದವರ ಕಿವಿ ಹಿಂಡಿದವಳೂ ನಾನೇ. ಹುಡುಗಿಯ ತಂದೆಗೆ ಫೋನ್ ಹಚ್ಚಿದೆ, ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಯುಗಾದಿತನಾ ಎಂದಿದ್ದರು ಅವರು. ಯುಗಾದಿ ಇವತ್ತೇ.

"ಹಬ್ಬದ ದಿನ ಮಂದಿ ಮನಿಗಿ ಹ್ವಾದ್ರ ಏನ ತಿಳ್ಕೋತಾರ?" ಅಂದ ಯಜಮಾನರು, ನನ್ನ ಮುಖ ನೋಡಿ, "ಒಂದು ಗುಟುಕು ಬೇವು ಕುಡದು ಹೋಗು" ಅಂದರು. ಕುಡಿಯಲಿಲ್ಲ.

ಜಮಖಂಡಿಯಿಂದ ಬನಹಟ್ಟಿ ದೂರವೇನಲ್ಲ. ಆ ದಿನ ಮಾತ್ರ ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತಿತು. ಹೊಸ ಬಟ್ಟೆ ಹಾಕಿಕೊಂಡ ಮಂದಿ ನಗುತ್ತ ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಚೀಲದಲ್ಲಿ ಪಂಚಾಂಗ ಇಟ್ಟುಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಜೋಡಿಸಿದ್ದೆಲ್ಲ ಮರು ನಿಲ್ದಾಣಕ್ಕೆ ಕಳಚಿ ಬೀಳುತ್ತಿತ್ತು. ಹೆಸರು ಆಗಲೇ ಶಾಲೆಗೆ ಹಚ್ಚಿಬಿಟ್ಟಿದ್ದರೆ? ಅದಕ್ಕಿಂತ ಹೆಚ್ಚಾಗಿ, ಇನ್ನು ನಾನು ಹಿಂದಿನದು ಬರೆಯುವುದೇ ಇಲ್ಲ ಎಂದು ಹುಡುಗಿ ತೀರ್ಮಾನಿಸಿದ್ದರೆ?

ಬನಹಟ್ಟಿಯಲ್ಲಿ ಮಗ್ಗದ ಸಪ್ಪಳಕ್ಕೆ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಅವತ್ತು ಹಬ್ಬಕ್ಕೆ ಮಗ್ಗಗಳು ನಿಂತಿದ್ದವು. ನಾನು ಮೆಲ್ಲಗೆ ಹೇಳಿದರೂ ಅಡಿಗೆಮನೆಯವರೆಗೆ ಕೇಳುವಂತಿತ್ತು. ಪಡಸಾಲೆಯಲ್ಲಿ ಹುಡುಗಿಯ ದೊಡ್ಡಪ್ಪ ಕೂತಿದ್ದರು, ಮೂಲೆಯಲ್ಲಿ ಗೋಡೆಗೆ ಒರಗಿ ಅವರ ತಾಯಿ, ಹುಡುಗಿಯ ಅಜ್ಜಿ. ಹುಡುಗಿಯ ತಂದೆ ಗಡಬಡಿಸಿ ಎದ್ದು, "ಬರ್ರಿ ಅಕ್ಕೋರ, ಕುಂಡ್ರಿ" ಅಂದರು. ನಾನು ಕೂಡಲಿಲ್ಲ. ನಿಂತೇ ಹೇಳಿದೆ.

"ನಿಮ್ಮ ಹುಡುಗಿ ಸುಳ್ಳು ಬರದಿಲ್ರಿ. ತಪ್ಪು ತಿದ್ದಿದಾಕಿ ನಾನು. ಅದನ್ನ ಹೇಳಾಕ ಬಂದೇನಿ."

ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಮನ್ಯಾಗ ಮೊಬೈಲ್ ಸಾಲಿ ನಡದೈತೇನು ಅಂತ ನಾ ಅಕಿಗಿ ಭಾಳ ಅಂದೇನ್ರಿ. ನಿನ್ನೆ ಸಾಲಿ ಮಾಸ್ತರಗೂ ಮಾತಾಡೇನಿ. ನೀವು ಮೊದಲ ಸುಳ್ಳ ಅಂದ್ರಿ, ಈಗ ಖರೆ ಅಂತೀರಿ. ನಾ ಯಾವ ಮಾತ ನಂಬಲ್ರಿ ಅಕ್ಕೋರ?"

"ನನ್ನ ನಂಬಬ್ಯಾಡ್ರಿ. ನಿಮ್ಮ ಅಜ್ಜಾರ ವಹಿ ತರಸ್ರಿ" ಅಂದೆ.

ಹುಡುಗಿ ಒಳಗಿನಿಂದ ನಮೂನೆಯ ವಹಿ ತಂದು ನೆಲದ ಮೇಲೆ ಇಟ್ಟಳು. ನನ್ನ ಕಡೆ ನೋಡಲಿಲ್ಲ. ಹಾಳೆಗಳು ಹಳದಿಯಾಗಿದ್ದವು, ತುಂಡುಗಳ ಬಣ್ಣ ಮಾತ್ರ ಇನ್ನೂ ಇತ್ತು. ಇಸವಿಯ ಜಾಗದಲ್ಲೆಲ್ಲ ಬರೀ ಅಂಕಿ. ಶಕೆ ಎಂದು ಎಲ್ಲಿಯೂ ಬರೆದಿರಲಿಲ್ಲ. ತನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂದುಕೊಂಡಿದ್ದ ಮನುಷ್ಯ. ಪಂಚಾಂಗದ ಮೊದಲ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟೆ. ಮಾವಿನಕಾಯಿ ದಡಿಯ ಮೇಲೆ ಬೆರಳಿಟ್ಟು ದೊಡ್ಡಪ್ಪನಿಗೆ ಹೇಳಿದೆ, "ಈ ಹದಿನೆಂಟುನೂರಾ ಎಪ್ಪತ್ತೆಂಟಕ್ಕ ಇನ್ನೊಂದು ಎಪ್ಪತ್ತೆಂಟು ಕೂಡಸ್ರಿ."

ನೇಕಾರರಿಗೆ ಎಣಿಕೆ ಯಾರೂ ಕಲಿಸಬೇಕಿಲ್ಲ. "ಹತ್ತೊಂಬತ್ತುನೂರಾ ಐವತ್ತಾರು" ಅಂದರು ತಟ್ಟನೆ. "ರಾಜ್ಯ ಒಂದಾದ ವರ್ಸ" ಎಂದು ಹುಡುಗಿಯೇ ತನ್ನಷ್ಟಕ್ಕೆ ಅಂದಳು.

ಮೂಲೆಯಿಂದ ಅಜ್ಜಿಯ ದನಿ ಬಂತು. "ಏನಂದಿ? ರಾಜ್ಯ ಒಂದಾದ ವರ್ಸಾನಾ? ಆವಾಗ ನಾ ಈ ಮನಿ ತುಂಬಿದ್ದು. ಆ ತುಂಡು ಇಲ್ಲಿ ತಾರ ಬೇ."

ಹುಡುಗಿ ವಹಿಯನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. ಅಜ್ಜಿ ನೋಡುವುದಕ್ಕಿಂತ ಮೊದಲು ಬೆರಳಿನಿಂದ ಸವರಿದಳು.

"ನನ್ನ ಮದುವಿ ಸೀರಿ ದಡಿ ಇದು. ನಮ್ಮ ಮಾವ ರೇಡಿಯೊ ಹಚ್ಚಿಟ್ಟು ನೇಯ್ದಿದ್ರು. ಪಂಚಾಂಗ ನೋಡಿ ಇಸವಿ ಹಾಕವ್ರು ಅವ್ರು, ಅದು ಬಿಟ್ಟು ಬ್ಯಾರೆ ಇಸವಿ ಗೊತ್ತಾ ಇರಲಿಲ್ಲ ಅವ್ರಿಗಿ. ಇಷ್ಟ ದಿನ ಇದರ ಸಲುವಾಗಿ ಗದ್ದಲ ಮಾಡೀರಿ, ನನ್ನ ಯಾರ ಕೇಳಿದ್ರಿ?"

ಯಾರೂ ಕೇಳಿರಲಿಲ್ಲ.

ದೊಡ್ಡಪ್ಪ ಹಾಳೆ ತಿರುವಿ ಮೂರು ಬಣ್ಣದ ದಡಿಯನ್ನು ಬಹಳ ಹೊತ್ತು ನೋಡಿದರು. ಕೇಸರಿ ಸ್ವಲ್ಪ ಮಾಸಿತ್ತು. ತುಟಿಯಲ್ಲೇ ಕೂಡಿಸಿದರು. "ಈಗ ಎಷ್ಟ ಮಾರ್ಕ್ಸ್ ಕೊಡ್ತೀರಿ ಅಕ್ಕೋರ?" ಎಂದು ಕೇಳಿದರು. ಇಪ್ಪತ್ತಕ್ಕೆ ಹ‌ದಿನೆಂಟು ಅಂದೆ, ಇಸವಿ ಯಾವುದೆಂದು ವಿಚಾರಿಸದ್ದಕ್ಕೆ ಎರಡು ಕಡಿಮೆ. ಅವರಿಗೆ ನಗು ಬಂತು. ಪೂರ್ತಿ ಇಪ್ಪತ್ತು ಕೊಟ್ಟಿದ್ದರೆ ನಂಬುತ್ತಿರಲಿಲ್ಲವೇನೋ. "ಆತು. ಮನ್ಯಾಗ ಓದಲಿ. ಮಾಸ್ತರಗೆ ನಾ ಹೇಳ್ತೀನಿ" ಅಂದರು. ಹುಡುಗಿಯ ತಂದೆ ಬೇವಿನ ಬಟ್ಟಲು ತಂದು ನನ್ನ ಕೈಗೆ ಕೊಟ್ಟರು. ಆಗ ಕೂತೆ. ಬೇವನ್ನು ಪೂರ್ತಿ ಕುಡಿದೆ.

ಹುಡುಗಿ ತನ್ನ ಇತಿಹಾಸದ ವಹಿ ತಂದು ಆ ಪುಟ ತೆರೆದಳು. ನನ್ನ ಕೆಂಪು ಅಕ್ಷರ ಅಷ್ಟು ದಪ್ಪಗಿರುವುದನ್ನು ನೋಡಲಾಗಲಿಲ್ಲ. "ಈ ಹಾಳಿ ಹರದು ಒಗದ್ಬಿಡೂಣು. ನೀ ಹೊಸಾದು ಬರಿ, ನಾ ಹೊಸಾದಾಗಿ ತಿದ್ದತೀನಿ" ಎಂದು ಹಾಳೆಯ ಅಂಚು ಹಿಡಿದೆ.

"ಹರೀಬ್ಯಾಡ್ರಿ ಅಕ್ಕೋರ" ಅಂದಳು. ಅವಳು ಆ ದಿನ ನನ್ನೊಂದಿಗೆ ಆಡಿದ ಮೊದಲ ಮಾತು ಅದು. "ಮುತ್ತಜ್ಜನೂ ಕೆಟ್ಟ ತುಂಡು ಒಗದಿಲ್ರಿ."

ಪೆನ್ಸಿಲ್ ತೆಗೆದು ನನ್ನ ಸೊನ್ನೆಯ ಕೆಳಗೆ, ಮುತ್ತಜ್ಜ ಬರೆಯುತ್ತಿದ್ದ ರೀತಿಯಲ್ಲೇ, ಸಣ್ಣಗೆ ಬರೆದಳು: "ತಪ್ಪು: ಕೇಳದೆ ಬರೆದದ್ದು. ಶಕೆ ೧೯೪೭."

ಎರಡು ಸಲ ಓದಿದೆ. ಆಮೇಲೆ ತಡೆಯದೆ ಕೇಳಿದೆ, "ಇದು ಯಾರ ತಪ್ಪು ಬರದಿ? ನಂದೇನು?"

"ಇಬ್ಬರದೂರಿ" ಅಂದಳು. "ನಾ ಅಜ್ಜೀನ ಕೇಳಲಿಲ್ಲ. ನೀವು ನನ್ನ ಕೇಳಲಿಲ್ಲ."

ಬುಧವಾರ ಬನಹಟ್ಟಿಯ ಚೀಲ ಬಂತು. ಆ ಪುಟ ಈಗಲೂ ಅವಳ ವಹಿಯಲ್ಲಿದೆ, ನನ್ನ ಸೊನ್ನೆ ಸಮೇತ.